ಮಹಲಿನ ಬಾಗಿಲು ಮತ್ತು ನಮ್ಮ ರಜೆ

ಬಂಧುಗಳ ಮನೆಯ ಮದುವೆಯ ನಿಮಿತ್ತ ಇತ್ತೀಚೆಗೆ ಪುಣೆಯಿಂದ ಬೆಂಗಳೂರಿಗೆ ಹೋಗಬೇಕಾಯಿತು. ಮರಳುವ ರೈಲಿಗೆ ಅರ್ಧ ದಿನದ ಅವಕಾಶವಿದ್ದುದರಿಂದ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲನ್ನು ನೋಡಿ ಬಂದೆವು. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ದೆಹಲಿ, ಮುಂಬಯಿಗಳ ತರುವಾಯ ತನ್ನ ಮೂರನೆಯ ಶಾಖೆಯನ್ನು 2009ರಲ್ಲಿ ಇಲ್ಲಿ ತೆರೆದಿದೆ.

ಗೇಟಿನ ಬಳಿ ನಮ್ಮ ಕಾಲು ಒಂದು ಕ್ಷಣ ತಡೆಯಿತೆಂಬುದನ್ನು ಮರೆಮಾಚುವುದಿಲ್ಲ. ಒಂದು ಕಾಲಕ್ಕೆ ಮೈಸೂರಿನ ಯುವರಾಜರದಾಗಿದ್ದು, ಬಳಿಕ ಗಣಿ ಉದ್ಯಮದಿಂದ ಸಿರಿವಂತರಾದ ಮಾಣಿಕ್ಯವೇಲು ಮೊದಲಿಯಾರರ ಕೈಸೇರಿದ ಕಟ್ಟಡವದು. ಆ ದಿನಗಳಲ್ಲಿ ನಮ್ಮಂಥವರು ಅಲ್ಲಿಗೆ ಹೋಗಬೇಕಾಗಿದ್ದರೆ ಅಡಿಗೆಯವರಾಗಿ, ಹಿತ್ತಿಲ ಬಾಗಿಲಿನಿಂದಲೇ ಹೋಗಬೇಕಾಗುತ್ತಿತ್ತು. ಇಂದು ಒಂದು ಮಸಾಲೆ ದೋಸೆಗಿಂತ ಕಡಿಮೆ ಬೆಲೆಯ ಟಿಕೇಟು ಪಡೆದವನು ಮುಂಬಾಗಿಲಿನಿಂದ ಒಳಹೋಗಬಹುದು. ಯಾರೂ ನಮ್ಮನ್ನು ಕೇಳಲಿಲ್ಲ. ಚಪ್ಪಲಿಯ ಕಡೆಗೂ ನೋಡಲಿಲ್ಲ.

ಒಳಗಿನ ಚಿತ್ರಗಳೆಲ್ಲ ನಮಗೆ ಅರ್ಥವಾದವೆಂದಲ್ಲ. ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿದವರು ಹಾಗೆ ಹೇಳಿಕೊಂಡರೆ ವಾಚಕರು ನಗಬಹುದು. ಆದರೆ ಅದು ವಾಸದ ಮನೆಯಾಗಿ ಕಟ್ಟಿದ್ದರಿಂದ ಕೋಣೆಗಳು ಮನುಷ್ಯನ ಅಳತೆಯವು. ಚಿತ್ರದ ಹತ್ತಿರಕ್ಕೆ ಹೋಗಬಹುದು, ಸಾವಕಾಶವಾಗಿ ನಿಲ್ಲಬಹುದು. ಹೊಸ ಮಿಶ್ರಣದ ಕಾಫಿ ಮೊದಲ ಗುಟುಕಿಗೆ ನಾಲಿಗೆಗೆ ಹತ್ತುವುದಿಲ್ಲ, ಮೂರನೆಯ ಲೋಟಕ್ಕೆ ಅದೇ ಬೇಕೆನಿಸುತ್ತದೆ. ಬಣ್ಣಗಳ ವಿಷಯದಲ್ಲಿಯೂ ನಮಗೆ ಹಾಗೆಯೇ ಆಯಿತು.

ಈ ಸಂಸ್ಥೆಯ ಸಂಗ್ರಹದಲ್ಲಿ ಕೆ. ಕೆ. ಹೆಬ್ಬಾರರ ಕೃತಿಗಳಿವೆ. ಅವರು 1911ರಲ್ಲಿ ಹುಟ್ಟಿದ್ದು ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ನಮ್ಮವರು ಹೊಟೇಲು ಹುಡುಕಿಕೊಂಡು ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿಯೇ ಅವರೂ ಹೋದರು, ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಮುಂದೆ ಪ್ಯಾರಿಸ್ಸಿಗೂ ಹೋಗಿಬಂದರು. 1996ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಒಂದೇ ಸೀಮೆಯಿಂದ ಒಂದೇ ಪಟ್ಟಣಕ್ಕೆ ಹೋದವರಲ್ಲಿ ಒಬ್ಬನ ಕೈಗೆ ಕುಂಚ ಬಂತು, ನೂರಾರು ಜನರ ಕೈಗೆ ಲೋಟ ಬಂತು. ಆ ನೂರಾರು ಜನರಲ್ಲಿ ಇನ್ನೊಬ್ಬ ಹೆಬ್ಬಾರನಿರಲಿಲ್ಲವೆಂದು ಯಾರು ಹೇಳಬಲ್ಲರು?

ಈ ಪ್ರಶ್ನೆ ನಮಗೆ ಸುಮ್ಮನೆ ಹುಟ್ಟಲಿಲ್ಲ. ನಾವು ಹೊಟೇಲಿನ ಗಲ್ಲೆಯ ಮೇಲೆ ಕುಳಿತಿದ್ದ ದಿನಗಳಲ್ಲಿ ಒಬ್ಬ ಮಾಣಿ ಬಿಲ್ಲಿನ ಚೀಟಿಗಳ ಹಿಂಬದಿಯಲ್ಲಿ ಗಿರಾಕಿಗಳ ಮುಖ ಬರೆಯುತ್ತಿದ್ದ. ಒಂದು ಭಾನುವಾರ, ಊರಲ್ಲಿ ಚಿತ್ರಪ್ರದರ್ಶನವಿದೆ, ಎರಡು ಗಂಟೆ ಬಿಡಿ ಧಣಿ, ಎಂದು ಕೇಳಿಕೊಂಡ. "ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೆ?" ಎಂದು ಗಿರಾಕಿಗಳೆದುರಿಗೇ ಗದರಿಸಿದೆವು. ಹುಡುಗ ಮರುಮಾತಾಡದೆ ಟೇಬಲು ಒರೆಸಲು ಹೋದ. ಚೀಟಿಯ ಮೇಲೆ ಬರೆಯುವುದನ್ನೂ ಬಿಟ್ಟ. ಆರು ತಿಂಗಳಲ್ಲಿ ಕೆಲಸವನ್ನೂ ಬಿಟ್ಟ. ಮಹಲಿನ ಒಂದು ಕೋಣೆಯಲ್ಲಿ ರೇಖಾಚಿತ್ರಗಳ ಮುಂದೆ ನಿಂತಾಗ ಅವನ ನೆನಪಾಗಿ ಬಹಳ ಹೊತ್ತು ಮುಂದೆ ಹೋಗಲಾಗಲಿಲ್ಲ.

ಬೆಂಗಳೂರು ದೂರವೆನ್ನುವವರಿಗೆ ಪುಣೆಯಲ್ಲಿಯೇ, ಬಾಜೀರಾವ್ ರಸ್ತೆಯ ಬಳಿ, ರಾಜಾ ದಿನಕರ ಕೇಳಕರ ಸಂಗ್ರಹಾಲಯವಿದೆ. ಅಲ್ಲಿರುವುದು ಆಧುನಿಕ ಕಲೆಯಲ್ಲ. ಹಿತ್ತಾಳೆಯ ದೀಪಗಳು, ಅಡಕೊತ್ತುಗಳು, ಅಡಿಗೆಯ ಪಾತ್ರೆಗಳು, ಕೆತ್ತನೆಯ ಬಾಗಿಲುಗಳು. ದಿನಕರ ಕೇಳಕರರು ಅಕಾಲದಲ್ಲಿ ತೀರಿಕೊಂಡ ಮಗ ರಾಜನ ಹೆಸರಿನಲ್ಲಿ ಒಂದೊಂದಾಗಿ ಕೂಡಿಸಿ, 1975ರಲ್ಲಿ ಸರಕಾರಕ್ಕೆ ಒಪ್ಪಿಸಿದ ಸಂಗ್ರಹವದು. ಹಿಟ್ಟು ರುಬ್ಬಿ, ಪಾತ್ರೆ ತಿಕ್ಕಿ ಬಲ್ಲವನಿಗೆ ಅಲ್ಲಿನ ಸಾಮಾನು ಪಂಡಿತನಿಗಿಂತ ಬೇಗ ತಿಳಿದೀತು. ಆದರೂ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಹತ್ತು ವರ್ಷ ದುಡಿದ ನಮ್ಮ ಪರಿಚಯದ ಗುಮಾಸ್ತರೊಬ್ಬರು ಈವರೆಗೆ ಒಳಗೆ ಹೆಜ್ಜೆಯಿಟ್ಟಿಲ್ಲ. ಅವರ ರಜೆಯ ದಿನ ಬಟ್ಟೆ ಒಗೆಯುವುದಕ್ಕೂ ನಿದ್ರೆಗೂ ಸರಿಹೋಗುತ್ತದೆ.

ಆದುದರಿಂದ ಹೊಟೇಲು ಮಾಲಿಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ವಾರದ ರಜೆಯನ್ನು ಮುಟ್ಟದೆ, ತಿಂಗಳಿಗೊಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ, ಸರದಿಯಂತೆ ನಾಲ್ಕೈದು ಜನರನ್ನು ಸಂಬಳ ಕಡಿಯದೆ ಕಳುಹಿಸಿಕೊಡಬೇಕು. ಟಿಕೇಟಿನ ಹಣವನ್ನೂ ತಾವೇ ಕೊಡಬೇಕು. ಸಾಯಂಕಾಲದ ಕಾಫಿಯ ಹೊತ್ತಿಗೆ ಅವರು ಮರಳಿರುತ್ತಾರೆ. ಊರಿಗೆ ಹೋಗುವಾಗ ಬೆಂಗಳೂರಿನ ಮಹಲನ್ನು ನೋಡಬಯಸುವವರು, ಅದಕ್ಕೆ ಸೋಮವಾರ ರಜೆಯೆಂಬುದನ್ನು ಗಮನದಲ್ಲಿಟ್ಟು ಹೊರಡಬೇಕು.