ಕಬ್ಬಿನ ಮದ್ಯಸಾರ, ಪೆಟ್ರೋಲಿನ ಆವಿ

ಮುಧೋಳ, ಜಮಖಂಡಿಗಳು ಕಬ್ಬಿನ ಸೀಮೆ. ಕಬ್ಬು ಇಂದು ಸಕ್ಕರೆಯಾಗುವುದಲ್ಲದೆ ಮದ್ಯಸಾರವಾಗಿ, ಎಂದರೆ ಎಥನಾಲ್ ಆಗಿ, ಪೆಟ್ರೋಲಿನೊಡನೆಯೂ ಬೆರೆಯುತ್ತದೆ. 2025ರಲ್ಲಿ ದೇಶದಲ್ಲಿ ಈ ಮಿಶ್ರಣವು ನೂರಕ್ಕೆ 20ರ ಪ್ರಮಾಣವನ್ನು ಮುಟ್ಟಿತು.

ಇಂಥ ಮಿಶ್ರಣದ ಗುಣವನ್ನು ಬರಿಯ ಊಹೆಯಿಂದ ತಿಳಿಯಲಾಗದು. ಮದ್ಯಸಾರದ ಆವಿಯ ಒತ್ತಡವು ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ. ಆದುದರಿಂದ ಅದನ್ನು ಬೆರೆಸಿದರೆ ಒತ್ತಡ ತಗ್ಗಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನೂರಕ್ಕೆ 5 ಅಥವಾ 10 ಪಾಲು ಬೆರೆಸಿದಾಗ ಒತ್ತಡವು ಏರುತ್ತದೆ! ಮದ್ಯಸಾರದ ಅಣುಗಳು ತಮ್ಮತಮ್ಮೊಳಗೆ ಬಿಗಿಯಾಗಿ ಕೈಹಿಡಿದುಕೊಂಡಿರುತ್ತವೆ. ಹೈಡ್ರೋಕಾರ್ಬನ್ನುಗಳ ನಡುವೆ ಚದುರಿದಾಗ ಆ ಹಿಡಿತ ಸಡಿಲಗೊಂಡು ಸುಲಭವಾಗಿ ಆವಿಯಾಗುತ್ತವೆ.

ಇದನ್ನು ಅಳೆಯುವ ರೀಡ್ ಪದ್ಧತಿ ಸರಳವಾದುದು. ತಣ್ಣಗೆ ಮಾಡಿದ ಇಂಧನವನ್ನು ಪುಟ್ಟ ಲೋಹದ ಪಾತ್ರೆಯಲ್ಲಿ ತುಂಬಿ, ಅದರ ನಾಲ್ಕು ಪಟ್ಟು ಗಾತ್ರದ ಗಾಳಿಯ ಕೋಶವನ್ನು ಜೋಡಿಸುತ್ತಾರೆ, 37.8 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿರಿಸಿ, ಆಗಾಗ ಕುಲುಕಿ, ಒತ್ತಡವನ್ನು ಓದುತ್ತಾರೆ. ಮದ್ಯಸಾರವು ನೀರನ್ನು ಹೀರುವುದರಿಂದ, ಈ ಮಿಶ್ರಣಕ್ಕೆ ಕೋಶವು ಪೂರ್ಣವಾಗಿ ಒಣಗಿರಬೇಕು.

ಬೀಳಗಿಯ ಬೇಸಗೆಯಲ್ಲಿ ಈ ಅಂಕಿ ಅಲ್ಪವಾದುದಲ್ಲ. ಆವಿ ಮಿತಿಮೀರಿದರೆ ಇಂಧನದ ನಳಿಗೆ ಕಟ್ಟಿ ವಾಹನ ನಿಲ್ಲಬಹುದು. ಆವಿಯಾಗಿ ಹಾರಿಹೋದ ಇಂಧನವೂ ನಷ್ಟವೇ.

ಶಾಖದ ಲೆಕ್ಕವೂ ಉಂಟು. ಒಂದು ಲೀಟರ್ ಮದ್ಯಸಾರ ಉರಿದರೆ ದೊರೆಯುವ ಶಾಖವು ಅಷ್ಟೇ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ. ನೂರಕ್ಕೆ 20ರ ಮಿಶ್ರಣದಲ್ಲಿ ಶಾಖವು ಸುಮಾರು ನೂರಕ್ಕೆ 7ರಷ್ಟು ಕುಗ್ಗುತ್ತದೆ. ಬನಹಟ್ಟಿಯ ನೇಕಾರನೂ ಕಬ್ಬು ಬೆಳೆದ ರೈತನೂ ಬಂಕಿನಲ್ಲಿ ಕೊಳ್ಳುವುದು ಲೀಟರಿನ ಲೆಕ್ಕದಲ್ಲಿ. ಲೀಟರು ಹೇಳುವುದು ದ್ರವದ ಗಾತ್ರವನ್ನು. ಅದರೊಳಗಿನ ಶಾಖವನ್ನು ಹೇಳಬಲ್ಲುದು ಪ್ರಯೋಗಶಾಲೆಯೊಂದೇ.