ಮಕ್ಕಳ ಆರೈಕೆ: ಇಳಿಯದ ಜ್ವರ, ಕೆಂಪು ಕಣ್ಣು



ಮಗುವಿಗೆ ಜ್ವರ ಬಂದು ಮೈಮೇಲೆ ದದ್ದು ಎದ್ದಿತೆಂದರೆ ನಮ್ಮ ಬಾಯಿಗೆ ಮೊದಲು ಬರುವ ಹೆಸರು ದಡಾರ. ಬಹಳ ಸಲ ಅದು ಅಂಥದೇ ಬೇನೆ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಅದೇ ವೇಷದಲ್ಲಿ ಬರುವ ಅಪರೂಪದ ಕಾಯಿಲೆಯೊಂದಿದೆ: ಕಾವಾಸಾಕಿ ರೋಗ.

1961ರಲ್ಲಿ ಟೋಕಿಯೋದ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ ಅವರು ನಾಲ್ಕು ವರ್ಷದ ಹುಡುಗನೊಬ್ಬನನ್ನು ನೋಡಿದರು. ತಿಳಿದ ಯಾವ ಕಾಯಿಲೆಯ ಹೆಸರೂ ಅವನಿಗೆ ಹೊಂದಲಿಲ್ಲ. ಮರುವರ್ಷ ಅಂಥದೇ ಇನ್ನೊಂದು ಮಗು ಬಂತು. ಅವರು ಬಿಡದೆ ಗುರುತು ಹಾಕಿಕೊಳ್ಳುತ್ತ ಹೋಗಿ, 1967ರಲ್ಲಿ 50 ಮಕ್ಕಳ ವಿವರವನ್ನು ಪ್ರಕಟಿಸಿದರು. ಕಾರಣ ಇಂದಿಗೂ ಖಚಿತವಾಗಿಲ್ಲ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಂತೂ ಅಲ್ಲ. ರಕ್ತನಾಳಗಳ ಗೋಡೆ ಉರಿಗೊಂಡು ಊದುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ನಾಲ್ವರಲ್ಲಿ ಒಂದು ಮಗುವಿಗೆ, ಹೃದಯಕ್ಕೆ ರಕ್ತವೊಯ್ಯುವ ನಾಳವೇ ಉಬ್ಬಿಬಿಡುತ್ತದೆ. ಭಯವಿರುವುದು ಇಲ್ಲಿ.

ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುವ ಈ ರೋಗದಲ್ಲಿ ಜ್ವರ ಐದು ದಿನವಾದರೂ ಬಿಡುವುದಿಲ್ಲ. ಎರಡು ಕಣ್ಣೂ ಕೆಂಪಗಾಗುತ್ತವೆ, ಆದರೆ ಪಿಸುರು ಕಟ್ಟುವುದಿಲ್ಲ. ತುಟಿ ಕೆಂಪಾಗಿ ಒಡೆಯುತ್ತದೆ. ನಾಲಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಗೆ ಗುಳ್ಳೆಗುಳ್ಳೆಯಾಗುತ್ತದೆ. ಮೈಮೇಲೆ ದದ್ದು, ಅಂಗೈ ಅಂಗಾಲುಗಳಲ್ಲಿ ಊತ, ಕೆಲವರಿಗೆ ಕುತ್ತಿಗೆಯಲ್ಲಿ ಗಂಟು. ತೋಳಿನ ಮೇಲಿನ ಹಳೆಯ ಬಿ.ಸಿ.ಜಿ. ಕಲೆ ಮತ್ತೆ ಕೆಂಪಾದರೆ ಅದೂ ಒಳ್ಳೆಯ ಸುಳಿವು. ವರ್ಷ ತುಂಬದ ಕೂಸುಗಳಲ್ಲಿ ಇವುಗಳಲ್ಲಿ ಒಂದೆರಡೇ ಕಾಣಬಹುದು. ಹೃದಯಕ್ಕೆ ಅಪಾಯ ಮಾತ್ರ ಅವರಿಗೇ ಹೆಚ್ಚು.

ತೊಡಕೆಂದರೆ, ಇವೆಲ್ಲ ಒಟ್ಟಿಗೆ ಬರುವುದಿಲ್ಲ. ಸೋಮವಾರ ಕೆಂಪಗಿದ್ದ ಕಣ್ಣು ಗುರುವಾರ ತಿಳಿಯಾಗಿರುತ್ತದೆ. ಪರಸ್ಥಳದಲ್ಲಿರುವ ನಾವು ಮೊದಲು ಬೀದಿಯ ಕೊನೆಯ ದವಾಖಾನೆಗೆ, ಆಮೇಲೆ ಯಾರೋ ಹೇಳಿದ ಇನ್ನೊಂದಕ್ಕೆ ಹೋಗುತ್ತೇವೆ. ಒಬ್ಬ ವೈದ್ಯರು ಕಣ್ಣು ಕಂಡಿರುತ್ತಾರೆ, ಇನ್ನೊಬ್ಬರು ದದ್ದು. ಎಲ್ಲವನ್ನೂ ಕಂಡವಳು ತಾಯಿಯೊಬ್ಬಳೇ. ಅವಳಿಗೋ ಹಿಂದಿಯಲ್ಲಿ, ಮರಾಠಿಯಲ್ಲಿ ಹೇಳಲು ತಡವರಿಕೆ! ಆದುದರಿಂದ ಯಾವ ದಿನ ಎಷ್ಟು ಜ್ವರ, ಏನು ಕಂಡಿತು ಎಂಬುದನ್ನು ಬರೆದಿಡಿ. ಫೋನಿನಲ್ಲಿ ಕಣ್ಣಿನ, ನಾಲಗೆಯ ಚಿತ್ರ ತೆಗೆದಿಟ್ಟರೆ ಭಾಷೆಯ ತೊಡಕೂ ತೀರಿತು. ಮಕ್ಕಳ ತಜ್ಞರನ್ನೇ ಕಂಡು, “ಇದು ಕಾವಾಸಾಕಿ ಇರಬಹುದೇ?” ಎಂದು ಕೇಳಲು ಸಂಕೋಚಬೇಡ.

ಜ್ವರ ಹಿಡಿದ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ನಾಳದ ಮೂಲಕ ಕೊಟ್ಟರೆ ಹೃದಯದ ಅಪಾಯ ಬಹಳಷ್ಟು ತಗ್ಗುತ್ತದೆ. ದುಬಾರಿ ಔಷಧ, ನಿಜ. ಜೊತೆಗೆ ಆಸ್ಪಿರಿನ್ ಕೊಡುವುದುಂಟು. ಅದು ವೈದ್ಯರ ಕೈಯಿಂದಲೇ ಆಗಬೇಕು, ಮನೆಯಲ್ಲಿ ನೀವಾಗಿ ಕೊಡಕೂಡದು. ಬೆರಳ ತುದಿಯ ಚರ್ಮ ಸುಲಿಯುವುದು ಈ ರೋಗದ ಹೆಸರಾದ ಗುರುತು. ಆದರೆ ಅದು ಎರಡನೆಯ, ಮೂರನೆಯ ವಾರದಲ್ಲಿ ಬರುವುದರಿಂದ ಅದಕ್ಕಾಗಿ ಕಾಯುತ್ತ ಕೂರಬಾರದು.

ಈ ಔಷಧ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸುಮಾರು 11 ತಿಂಗಳು ಮುಂದೂಡುತ್ತಾರೆ. ಊರು ಬದಲಾಯಿಸುವವರು ಆಸ್ಪತ್ರೆಯ ಕಾಗದಗಳನ್ನು ಜೊತೆಗಿಟ್ಟುಕೊಂಡು, ಲಸಿಕೆ ಹಾಕುವವರಿಗೆ ತೋರಿಸಿರಿ.