ಹುಡುಗೂರ ಬೈಬಲ್ ಸ್ಟಡಿಗೆ ಪುಸ್ತಕಾ ಆರಿಸೋರು ಯಾರು?

ಸಂತ್ಯಾಗ ಬದನಿಕಾಯಿ ತಗೋಬೇಕಾದ್ರ ನಾವು ಒಂದೊಂದು ಕಾಯಿ ಹಿಡದು ತಿರುವಿ ನೋಡತೀವಿ. ತೂತು ಬಿದ್ದೈತೇನು, ತೊಟ್ಟು ಬಾಡೇತೇನು ಅಂತ. ಒಂದು ಹೊತ್ತಿನ ಪಲ್ಯಾಕ್ಕ ಇಷ್ಟು ನೋಡೋ ನಾವು, ನಮ್ಮ ಹುಡುಗೂರು ವಾರಾ ವಾರಾ ಕುಂತು ಓದೋ ಬೈಬಲ್ ಸ್ಟಡಿ ಪುಸ್ತಕಾ ಮಾತ್ರ ನೋಡೂದಿಲ್ಲ. ಯಾರೋ ವಾಟ್ಸಾಪಿನ್ಯಾಗ ಪಿಡಿಎಫ್ ಕಳಸ್ತಾರ, ನಾವು ಪ್ರಿಂಟ್ ಹೊಡಸಿ ಕೈಗೆ ಕೊಟ್ಟುಬಿಡತೀವಿ.

ಧಾರವಾಡದಾಗ ನಮ್ಮ ಮನ್ಯಾಗ ನಾಕು ವರ್ಷದಿಂದ ಶನಿವಾರ ಸಂಜಿಕೆ ಸಣ್ಣ ಗುಂಪು ಕೂಡತೈತಿ. ಹತ್ತು ಹನ್ನೆರಡು ಮಂದಿ, ಹತ್ತೊಂಬತ್ತರಿಂದ ಇಪ್ಪತ್ತೇಳು ವಯಸ್ಸಿನವರು. ಕೆಲವರು ಕಾಲೇಜು, ಕೆಲವರು ನೌಕರಿ. ನನ್ನ ಪಾಲಿಂದು ಚಹಾ ಮತ್ತ ಗಿರ್ಮಿಟ್. ಕಲತದ್ದು ಪಿಯುಸಿ, ದೇವಶಾಸ್ತ್ರ ಓದಿದಾಕಿ ಅಲ್ಲ. ಅದಕ್ಕ ಇಷ್ಟು ದಿವಸ ಅಡಗಿಮನಿ ಬಾಗಲದಾಗ ನಿಂತು ಕೇಳಿ ಸುಮ್ಮನಿದ್ದೆ. ಇನ್ನ ಸುಮ್ಮನಿರೂದಿಲ್ಲ.

ಹೋದ ವರ್ಷ ಒಂದು ಪರದೇಶದ ಪುಸ್ತಕಾ ತಂದಿದ್ರು. ಹನ್ನೆರಡು ವಾರದ್ದು, ಬಣ್ಣದ ಮುಖಪುಟ, ಭಾಳ ಛಂದ. ನಾಕನೇ ವಾರದ ವಿಷಯ ರೊಕ್ಕಾ ಮತ್ತ ಸಂತೃಪ್ತಿ. ಪ್ರಶ್ನಿ ಏನಂದ್ರ, ಕ್ರೆಡಿಟ್ ಕಾರ್ಡಿನ ಮ್ಯಾಲೆ ಎಷ್ಟು ಖರ್ಚು ಮಾಡತೀರಿ, ಎರಡನೇ ಕಾರು ಖರೇನ ಬೇಕೇನು, ರಜಾದಾಗ ಪ್ರವಾಸಕ್ಕ ಎಷ್ಟು ಸುರೀತೀರಿ. ನಮ್ಮ ಹುಡುಗೂರೊಳಗ ಅರ್ಧ ಮಂದಿ ಸಿಟಿ ಬಸ್ಸಿಗೆ ಬಂದವರು. ಒಬ್ಬರ ಮುಖಾ ಒಬ್ಬರು ನೋಡಿದ್ರು.

ಅವತ್ತ ಒಬ್ಬಾಕಿ ಹುಡುಗಿ ಕೇಳಿದ್ಲು: "ಅಣ್ಣಾ, ಪ್ರಾರ್ಥನಾ ಮಾಡೇ ನನ್ನ ಮದುವಿ ಗೊತ್ತು ಮಾಡ್ಯಾರ. ಈಗ ಅವರು ಬಂಗಾರ, ಗಾಡಿ ಕೇಳಾಕತ್ಯಾರ. ಅಪ್ಪ ಮನಿ ಮ್ಯಾಲೆ ಸಾಲಾ ತಗಸಾಕ ಹೊಂಟಾನ. ಇದು ಸರಿ ಏನು?" ಗುಂಪು ನಡಸೋ ಹುಡುಗ ಪುಸ್ತಕದಾಗ ಹಿಂದ ಮುಂದ ನೋಡಿದ. ಅದರಾಗ ವರದಕ್ಷಿಣಿ ಅನ್ನೋ ಮಾತು ಇರಾಕ ಹೆಂಗ ಸಾಧ್ಯ? "ಅದು ಇವತ್ತಿನ ಟಾಪಿಕ್ ಅಲ್ಲ ಸಿಸ್ಟರ್, ಪ್ರಾರ್ಥನಾ ಮಾಡೂಣು" ಅಂದು ಮುಂದಿನ ಖಾಲಿ ಜಾಗಾ ತುಂಬಿಸಾಕ ಹತ್ತಿದ. ಮುಂದಿನ ಶನಿವಾರ ಆ ಹುಡುಗಿ ಬರಲಿಲ್ಲ. ಅದರ ಮುಂದಿನ ವಾರಾನೂ ಇಲ್ಲ. ಮಾರ್ಕೆಟ್ಟಿನ್ಯಾಗ ಸಿಕ್ಕಾಗ ಕೇಳಿದೆ. "ಆಂಟಿ, ಅಲ್ಲಿ ನನ್ನ ಪ್ರಶ್ನಿಗೆ ಜಾಗಾ ಇಲ್ಲರಿ" ಅಂದ್ಲು. ಆ ಮಾತು ಇವತ್ತಿಗೂ ಚುಚ್ಚತೈತಿ.

ಪುಸ್ತಕಾ ಬರದವರ ತಪ್ಪು ಅಂತ ನಾ ಅನ್ನೂದಿಲ್ಲ. ಅವರು ತಮ್ಮ ಊರ ಹುಡುಗೂರನ್ನ ಕಣ್ಣಮುಂದ ಇಟಗೊಂಡು ಬರದಾರ. ತಪ್ಪು ನಮ್ಮದು. ಈ ದೇಶದಾಗ 1961ರಿಂದ ವರದಕ್ಷಿಣಿ ಕೊಡೂದೂ ತಗೊಳ್ಳೂದೂ ಅಪರಾಧ. ಆದ್ರೂ ನಮ್ಮ ಸಭಾದ ಮನಿಗಳೊಳಗ ಅದು ನಡದೈತಿ. ಅದನ್ನ ಬಿಟ್ಟು ಎರಡನೇ ಕಾರಿನ ಬಗ್ಗೆ ಚರ್ಚಾ ಮಾಡೋದು ಯಾವ ಪುರುಷಾರ್ಥಕ್ಕ?

ನಮ್ಮ ಹಿರ್‍ಯಾರ ಕಾಲಾ ಒಂಚೂರು ನೆನಸ್ಕೋರಿ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದ್ರು, 1837ರಾಗ ನಮ್ಮ ಧಾರವಾಡಕ್ಕ. ಅದಕ್ಕೂ ಮದಲ ಬಳ್ಳಾರಿಯೊಳಗ ಜಾನ್ ಹ್ಯಾಂಡ್ಸ್ ಅವರು ದುಡದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಾಗ ಅಚ್ಚಾಗಿತ್ತು. ಮೋಗ್ಲಿಂಗ್ ಅವರು 1843ರಾಗ ಮಂಗಳೂರ ಸಮಾಚಾರ ಪತ್ರಿಕಾ ತಂದ್ರು. ಕಿಟೆಲ್ ಅವರು ಯೇಸುವಿನ ಚರಿತ್ರೆಯನ್ನ ಇಲ್ಲಿಯ ಛಂದಸ್ಸಿನೊಳಗ ಹೇಳಿ 'ಕಥಾಮಾಲೆ' ಬರದ್ರು, ಆಮ್ಯಾಲೆ 1894ರಾಗ ಆ ದೊಡ್ಡ ನಿಘಂಟು. ಅವರು ಪರದೇಶದಿಂದ ಬಂದು ನಮ್ಮ ಮಾತು ಕಲತ್ರು. ನಾವು ಇಲ್ಲೇ ಹುಟ್ಟಿ ಪರದೇಶದ ಪ್ರಶ್ನಿ ಕೇಳಾಕತ್ತೀವಿ. ನಾಚಿಕಿ ಬರಬೇಕಾದ ಮಾತು ಹೌದೋ ಅಲ್ಲೋ?

ಹಂಗಾರ ಏನು ಆರಿಸಬೇಕು? ಅಡಗಿಮನಿ ಬುದ್ಧಿಲೆ ನನಗ ತಿಳದದ್ದು ಹೇಳತೀನಿ.

ಮದಲನೇದ್ದು, ಬೈಬಲಿಂದ ಒಂದು ಸಣ್ಣ ಪುಸ್ತಕಾ ಹಿಡೀರಿ, ಗೈಡ್ ಆಮ್ಯಾಲೆ. ರೂತಳು ನಾಕು ಅಧ್ಯಾಯ, ಯಾಕೋಬನ ಪತ್ರಿಕೆ ಐದು, ಮಾರ್ಕನ ಸುವಾರ್ತೆ ಹದಿನಾರು. ಮೂರು ಪ್ರಶ್ನಿ ಸಾಕು. ಇಲ್ಲಿ ಏನು ಬರದೈತಿ? ಆವಾಗಿನವರಿಗೆ ಅದರ ಅರ್ಥ ಏನಿತ್ತು? ಈಗ ನಾವೇನು ಮಾಡಬೇಕು? ರೂತಳ ಕಥಿಯೊಳಗ ಏನಿಲ್ಲ ಹೇಳ್ರಿ! ಬರಗಾಲ, ಗುಳೇ ಹೋದ ಮನಿ, ಗಂಡ ಸತ್ತ ಸೊಸಿ, ಮನಸು ಕಹಿ ಆದ ಅತ್ತಿ, ಹೊಲದಾಗ ತೆನಿ ಆರಸೋದು, ಕೈತಪ್ಪಿದ ಜಮೀನು. ಬೋವಜ ಏನೂ ಕೇಳಲಿಲ್ಲ, ತಾನೇ ರೊಕ್ಕಾ ಕೊಟ್ಟು ಹೊಲಾ ಬಿಡಿಸಿದ. ಯಾಕೋಬನ ಎರಡನೇ ಅಧ್ಯಾಯದಾಗ ಬಂಗಾರದ ಉಂಗರದವಗ ಒಳ್ಳೆ ಜಾಗಾ ಕೊಡೋ ಸಭಾಕ್ಕ ಬೈಗಳ ಅದಾವ, ಐದನೇದ್ದರಾಗ ಕೂಲಿ ಹಿಡದಿಟ್ಟವರಿಗೆ. ಆ ಹುಡುಗಿ ಪ್ರಶ್ನಿಗೆ ಜಾಗಾ ಇಲ್ಲಿತ್ತು, ನಾವು ಈ ಪುಟಾ ತಗೀಲೇ ಇಲ್ಲ.

ಎರಡನೇದ್ದು, ಗೈಡ್ ತರೋದಾದ್ರ ಅದರ ಪ್ರಶ್ನಿ ತಿರುವಿ ನೋಡ್ರಿ. ಬೈಬಲ್ ತಗೀದನ "ಯೇಸು", "ಪ್ರಾರ್ಥನಾ", "ನಂಬಿಗಿ" ಅಂತ ಉತ್ತರಾ ಹೇಳಾಕ ಬರತಿದ್ರ ಅದು ಪ್ರಶ್ನಿ ಅಲ್ಲ. ಖಾಲಿ ಜಾಗಾ ತುಂಬಿಸೋದು ಸಂಡೇ ಸ್ಕೂಲಿಗೇ ಮುಗೀಲಿ.

ಮೂರನೇದ್ದು, ಹೊತ್ತು. ನಲವತ್ತು ನಿಮಿಷ ವಿಡಿಯೋ ನೋಡಿ, ಹತ್ತು ನಿಮಿಷ ಮಾತಾಡಿದ್ರ ಅದಕ್ಕ ಗುಂಪು ಯಾಕ ಬೇಕು? ಮನ್ಯಾಗ ಮಕ್ಕೊಂಡು ನೋಡಬಹುದು.

ನಾಕನೇದ್ದು, ಬುತ್ತಿ ಕದ್ದು ತಂದದ್ದಿರಬಾರದು. ಒಂದು ಪುಸ್ತಕಾ ಕೊಂಡು ಹನ್ನೆರಡು ಝೆರಾಕ್ಸ್ ತಗಸೋದು ಕಳವು. ಹತ್ತು ಆಜ್ಞಾ ಕಲಿಸೋ ಗುಂಪಿಗೆ ಇದು ತಿಳೀಬೇಕು.

ಐದನೇದ್ದು, ಹುಳಾ ಬಿದ್ದದ್ದು ಒಳಗ ತರಬ್ಯಾಡ್ರಿ. ಕಾಣಿಕಿ ಕೊಟ್ರ ವೀಸಾ ಸಿಗತೈತಿ ಅನ್ನೋ ಪುಸ್ತಕಾ, ಲೋಕಾ ಮುಳಗೋ ತಾರೀಖು ಎಣಸೋ ಪುಸ್ತಕಾ, ಬಾಜೂ ಮನಿಯವರ ದೇವರನ್ನ ಹೀಯಾಳಿಸೋ ಪುಸ್ತಕಾ. ನಮ್ಮ ಹುಡುಗೂರು ಲಿಂಗಾಯತರು, ಮುಸಲ್ಮಾನರ ಕೂಡ ಒಂದ ಬೆಂಚಿನ್ಯಾಗ ಕುಂತು ಕಲತವರು. ತಿರಸ್ಕಾರ ಕಲಿಯಾಕ ನಮ್ಮ ಮನಿಗೆ ಬರೂದು ಬ್ಯಾಡ.

"ಅಕ್ಕಾರ, ಈಗಿನ ಹುಡುಗೂರಿಗೆ ಕನ್ನಡ ಓದಾಕ ಬರೂದಿಲ್ಲ, ಅದಕ್ಕ ಇಂಗ್ಲಿಷ್ ಪುಸ್ತಕಾ" ಅಂತಾರ. ಅರ್ಧ ಖರೆ. ಓದಾಕ ತಡವರಿಸ್ತಾರ. ಆದ್ರ ಅವ್ವನ ಕೂಡ ಜಗಳಾ ಆಡೋದು ಕನ್ನಡದಾಗ, ಅಳೋದು ಕನ್ನಡದಾಗ. ಹಳೇ ಸತ್ಯವೇದದ ಭಾಷಾ ಬಿರಸು ಅನಿಸಿದ್ರ ಸುಲಭ ಕನ್ನಡದ ಅನುವಾದಾನೂ ಸಿಗತಾವ. ಒಬ್ಬರು ಕನ್ನಡ ಜೋರಾಗಿ ಓದಲಿ, ಮತ್ತೊಬ್ಬರು ಇಂಗ್ಲಿಷ್ ಹಿಡೀಲಿ. ಎರಡರಾಗ ಮಾತು ಯಾಕ ಬ್ಯಾರೆ ಐತಿ ಅಂತ ಕೇಳಿದಲ್ಲೇ ಸ್ಟಡಿ ಸುರು ಆಕ್ಕೈತಿ.

"ಹಂಗಾರ ಕಲತವರ ಪುಸ್ತಕಾನ ಬ್ಯಾಡೇನು? ನಮ್ಮಷ್ಟಕ್ಕ ನಾವು ತಪ್ಪು ಅರ್ಥಾ ಮಾಡಿದ್ರ?" ಇದು ನ್ಯಾಯದ ಮಾತು. ಬೇಕು. ಗುಂಪು ನಡಸೋರು ಒಳ್ಳೆ ವ್ಯಾಖ್ಯಾನ ಓದಿಕೊಂಡು ಬರಲಿ, ಸಭಾಪಾಲಕರಿಗೆ ಒಮ್ಮೆ ತೋರಿಸಲಿ. ನನ್ನ ತಕರಾರು ಇಷ್ಟ: ತರೋಕಿಂತ ಮದಲ ಇಬ್ಬರು ಹುಡುಗೂರನ್ನ ಕೂಡಿಸಿ ಒಂದು ಪಾಠ ಮಾಡಿ ನೋಡ್ರಿ, ನಮಗ ಹೊಂದದ ಪ್ರಶ್ನಿ ತಗದು ನಮ್ಮ ಪ್ರಶ್ನಿ ಹಾಕ್ರಿ. ಸಾರಿನ ಪುಡಿ ಯಾರದರ ಇರಲಿ, ಉಪ್ಪು ನೋಡಿ ಹಾಕಾಕಿ ನಾನ ಅಲ್ಲೇನು?

ಈ ವರ್ಷ ರೂತಳ ಪುಸ್ತಕಾ ಹಿಡದ್ವಿ. ನಾ ಹೋಗಿ ಆ ಹುಡುಗೀನ್ನ ಕರದು ಬಂದೆ, ಮೂರನೇ ವಾರಕ್ಕ ಬಂದ್ಲು. ನಾಕನೇ ವಾರ ಬೋವಜನ ಮಾತು ಬಂದಾಗ ಗಂಡುಹುಡುಗೂರು ತಲಿ ಕೆಳಗ ಹಾಕಿ ಕುಂತಿದ್ರು. ಒಬ್ಬವ ಅಂದ: "ಆಂಟಿ, ನಮ್ಮ ಮನ್ಯಾಗೂ ನನ್ನ ಹೆಸರಿಲೆ ಕೇಳಾಕತ್ಯಾರ. ನಾ ಬ್ಯಾಡ ಅನ್ನಬೇಕು." ಅವ ಅಂತಾನೋ ಇಲ್ಲೋ ನೋಡಬೇಕು. ಹುಡುಗಿ ಮದುವಿ ಮಾತು ಇನ್ನೂ ತೂಗಾಡಾಕತ್ತೈತಿ, ಅವರಪ್ಪ ಸಾಲದ ಕಾಗದಕ್ಕ ಇನ್ನೂ ಸಹಿ ಹಾಕಿಲ್ಲ.

ನಿಮ್ಮ ಮನ್ಯಾಗೂ ಹುಡುಗೂರು ಕೂಡತಿದ್ರ, ಈ ಶನಿವಾರ ಚಹಾ ಕೊಡಾಕ ಹೋದಾಗ ಒಂದು ಗಳಗಿ ಅಲ್ಲೇ ಕುಂದರ್ರಿ. ಕೈಯಾಗಿನ ಪುಸ್ತಕಾ ಇಸಕೊಂಡು ತಿರುವಿ ನೋಡ್ರಿ. ಬದನಿಕಾಯಿ ನೋಡಿದಷ್ಟರ ನೋಡ್ರಿ.